ಎರಡು ಅಡಿ ಮೂರು ಇಂಚು

ಹೊರಗೆ ಅಳೆದರೆ ಅರವತ್ತೆರಡು ಅಡಿ.
ಒಳಗೆ, ಗೋಡೆಗಳ ದಪ್ಪವನ್ನೂ ಕೂಡಿಸಿ,
ಐವತ್ತೊಂಬತ್ತು ಅಡಿ ಒಂಬತ್ತು ಇಂಚು.
ಮೂರು ಸಲ ಟೇಪು ಎಳೆದೆ. ಮೂರು ಸಲವೂ
ಅಷ್ಟೇ.

ಮಾಂಡವಿಯ ಓಣಿ. ಎಡಕ್ಕೆ ಮೆಣಸಿನಕಾಯಿ ಗೋದಾಮು,
ಬಲಕ್ಕೆ ಹಗ್ಗದಂಗಡಿ, ನಡುವೆ ನೀಲಿ ಬಳಿದ ಯಹೂದಿ ಮಂದಿರ.
ನಮ್ಮ ಕಡೆಯ ಬ್ಯಾಡಗಿ ಚೀಲಗಳ ಘಾಟು
ಒಡೆದ ಬಣ್ಣದ ಗಾಜಿನಿಂದ ನುಸುಳಿ
ನನ್ನನ್ನೇ ಹುಡುಕಿ ಸೀನಿಸುತ್ತದೆ.
"ಅದನ್ನೂ ನಕ್ಷೆಯಲ್ಲಿ ಹಾಕಪ್ಪ," ಎನ್ನುತ್ತಾರೆ
ಹಸಾಜಿ ರೋಹೇಕರ್. ಎಂಬತ್ತೊಂದು ವರ್ಷ,
ಸೊಂಟದಲ್ಲಿ ಕೀಲಿಗೊಂಚಲು, ನೆತ್ತಿಗೆ ಅಂಗೈಯಗಲ ಟೋಪಿ.

ಹಾಕಿದ್ದು: ಬರ್ಮಾ ತೇಗದ ಕಂಬ ಹನ್ನೆರಡು.
ನಡುಮಧ್ಯೆ ಕಟಕಟೆಯ ಜಗಲಿ, ಓದುವವರು ನಿಲ್ಲಲು.
ಮೂರು ಬದಿಗೆ ಹೆಂಗಸರ ಅಟ್ಟ,
ಅದರ ಕಂಬಿಸಾಲಿನಲ್ಲಿ ಎಂಟನೆಯದು ಇಲ್ಲ.

"ನನ್ನ ತಂಗಿ ಮಿಲ್ಕಾ. ಆರು ವರ್ಷದವಳು,
ಉಪವಾಸದ ದಿನ ಅಲ್ಲಿ ತಲೆ ತೂರಿಸಿ ಸಿಕ್ಕಿಕೊಂಡಳು.
ಆವತ್ತು ನಾವು ಗರಗಸ ಮುಟ್ಟುವ ಹಾಗಿಲ್ಲ.
ಗೋದಾಮಿನ ಯಾಕೂಬ್ ಮಿಯಾ ಬಂದು ಕೊಯ್ದ.
ಅವಳು ಅಳಲಿಲ್ಲ. ಕಂಬಿ ಬಿದ್ದಾಗ
ಕೆಳಗಿದ್ದ ನಮ್ಮಪ್ಪ ಅತ್ತರು."

ಆ ಮಿಲ್ಕಾ ಹೋಗಿ ಇಂದಿಗೆ ಒಂದು ವರ್ಷ, ಸಮುದ್ರದಾಚೆ, ಅಶ್ದೋದಿನಲ್ಲಿ.
ಅವಳ ಹೆಸರಲ್ಲಿ ಪ್ರಾರ್ಥನೆ ಹೇಳಲು ಹತ್ತು ಗಂಡಸರು ಬೇಕು.
ಬೆಂಚಿನ ಲೆಕ್ಕ ನನ್ನ ಪುಸ್ತಕದಲ್ಲಿದೆ:
ತಲೆಗೆ ಒಂದೂವರೆ ಅಡಿ, ಇನ್ನೂರ ನಲವತ್ತು ಜನ.
ಕೂತವರು ಒಂಬತ್ತು.
ಯಾರೋ ನನ್ನತ್ತ ನೋಡಿ ಏನೋ ಅಂದರು, ಉಳಿದವರು ನಕ್ಕರು.
ಬೆಳಗಿನಿಂದ ಇಲ್ಲಿ ಎಣಿಸುತ್ತಿರುವವನು ನಾನೊಬ್ಬನೇ,
ನಾನು ಎಣಿಕೆಗೆ ಬರುವುದಿಲ್ಲ.

ಹತ್ತನೆಯವರು ಠಾಣೆಯಿಂದ ಬರುತ್ತಿದ್ದಾರಂತೆ.

ಕಾಯುತ್ತಾ ಹಸಾಜಿ ತೂಗುದೀಪಕ್ಕೆ ಕೊಬ್ಬರಿ ಎಣ್ಣೆ ಎರೆದರು,
ಒಂದು ಹನಿ ಆಚೀಚೆ ಚೆಲ್ಲದ ಕೈ.
"ನಾವು ಗಾಣದವರು. ಕೊಂಕಣದಲ್ಲಿ ನಮ್ಮನ್ನು ಕರೆದದ್ದೇ
ಶನಿವಾರದ ತೇಲಿಗಳು ಅಂತ. ಆ ದಿನ ಗಾಣ ಬಂದ್."
ನಮ್ಮದೂ ಗಾಣವೇ, ಗದಗಿನ ಹತ್ತಿರ, ಅಂದೆ.
ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ ನಮ್ಮಜ್ಜ,
ಬಸವಣ್ಣನ ವಾರ.
ಅವರು ಬತ್ತಿ ಸರಿಪಡಿಸುತ್ತಾ ಸ್ವಲ್ಪ ಯೋಚಿಸಿದರು.
"ಒಂದೇ ಊರಲ್ಲಿ ಇದ್ದಿದ್ದರೆ
ಎತ್ತಿಗೆ ವಾರಕ್ಕೆ ಎರಡು ರಜೆ."

ಫೋನು ಬಂತು. ಕುರ್ಲಾದಲ್ಲಿ ಲೋಕಲ್ ನಿಂತಿದೆ,
ಹಳಿಯ ಮೇಲೆ ಯಾರೋ.
ಯಾರೂ ಏನೂ ಹೇಳಲಿಲ್ಲ. ಬೇರೆ ಯಾವುದೋ ಪದ್ಯ ಓದಿದರು,
ಹತ್ತು ಕೇಳದ್ದು, ಒಬ್ಬನೇ ಇದ್ದರೂ ನಡೆಯುವಂಥದ್ದು.
ಆಮೇಲೆ ತಟ್ಟೆ ಬಂತು: ಅವಲಕ್ಕಿ, ಬೆಲ್ಲ, ಕಾಯಿತುರಿ, ಖರ್ಜೂರ.
"ಮಲಿದಾ. ಇದಕ್ಕೆ ಎಣಿಕೆ ಇಲ್ಲ, ತಿನ್ನು."

ಬೆಲ್ಲದ ಕೈಯಲ್ಲೇ ಕೇಳಿದೆ:
ಕಾಕಾ, ನಿಮ್ಮ ಮಂದಿರದಲ್ಲಿ
ಎರಡು ಅಡಿ ಮೂರು ಇಂಚು ಸಿಗುತ್ತಿಲ್ಲ.

ಗೊಂಚಲಿನ ಎಲ್ಲಕ್ಕಿಂತ ಚಿಕ್ಕ ಕೀಲಿ.
ಪರದೆಯ ಪಕ್ಕದ ಹಲಗೆ ಸರಿಯಿತು. ಒಳಗೆ
ನೆಲದಿಂದ ಸೂರಿನವರೆಗೆ ಕಾಗದ.
ಬೆನ್ನು ಮುರಿದ ಪ್ರಾರ್ಥನೆಗಳು, ಹೀಬ್ರೂ, ಮರಾಠಿ,
ಕೀರ್ತನೆಯ ಚೀಟಿಗಳು, ಮದುವೆಯ ಕರಾರುಗಳು,
ಹುಳ ತಿಂದು ಜರಡಿಯಾದ ಒಂದು ಸುರುಳಿ.
"ದೇವರ ಹೆಸರಿರುವ ಕಾಗದ ಸುಡಬಾರದು, ಎಸೆಯಬಾರದು.
ಮನುಷ್ಯರಂತೆ ಹೂಳಬೇಕು.
ಹೂಳಲಿಕ್ಕೂ ಜನ ಬೇಕಲ್ಲ."

ಕೈ ಹಾಕಿ ಅವರು ತೆಗೆದದ್ದು ಗೆರೆಯ ನೋಟ್‌ಪುಸ್ತಕ.
ನಾಲ್ಕನೇ ಇಯತ್ತೆ, ಮಿಲ್ಕಾ. ಅಂಕಗಣಿತ.
ತಪ್ಪು ಭಾಗಾಕಾರಗಳ ಕೊನೆಯಲ್ಲಿ ಪೆನ್ಸಿಲಿನಿಂದ
'ದೇವರೇ, ಇದೊಂದು ಸಲ ಪಾಸು ಮಾಡು.'
"ಹೆಸರು ಬರೆದುಬಿಟ್ಟಿದ್ದಳಲ್ಲ. ನಮ್ಮಪ್ಪ ಇಲ್ಲಿಗೆ ತಂದಿಟ್ಟರು."
ಪಾಸಾದಳೇ ಎಂದು ನಾನು ಕೇಳಲಿಲ್ಲ.

ನಕ್ಷೆಯಲ್ಲಿ ಇದನ್ನು ಏನೆಂದು ಬರೆಯಲಿ?
ಕೀಲಿ ಮತ್ತೆ ತಿರುಗಿತು.
"ಗೋಡೆ ಅಂತ ಬರೆ. ಇಲ್ಲಿ
ಗೋಡೆ ಸ್ವಲ್ಪ ದಪ್ಪ ಅಂತ."

ಬರೆದೆ. ಟೇಪು ಸುತ್ತುವಾಗ ಮತ್ತೆ ಸೀನು ಬಂತು.
ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರಲ್ಲಿ ಒಬ್ಬರು
ತಿರುಗಿ ನೋಡದೆಯೇ
'ಶತಾಯುಷಿ' ಅಂದರು.