ಹಿರೇಮದ್ದು

ಮಾಮೂಲುಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಬೇರು ತೂಗುತ್ತೇನೆ.
ಲಾವಂಚ, ಅತಿಮಧುರ, ಬಜೆ, ಹಿಪ್ಪಲಿ,
ಕಣ್ಣು ಕಟ್ಟಿದರೂ ಡಬ್ಬಿ ತೆಗೆದು ಹೇಳಬಲ್ಲೆ.
ಗಲ್ಲಾದ ಮೇಲೆ ಗಾಜಿನ ಭರಣಿಯಲ್ಲಿ
ಕೊರಿಯಾದಿಂದ ಬಂದ ಜಿನ್ಸೆಂಗ್, ಒಂದೇ ಒಂದು:
ಎರಡು ಕಾಲು, ಒಂದು ಕೈ, ನೆತ್ತಿಯಿಲ್ಲ,
ಸ್ನಾನಕ್ಕೆ ಕೂತು, ನೀರು ಆರಿಹೋದರೂ ಏಳದ
ಯಾರದೋ ಮನೆಯ ಯಜಮಾನನ ಹಾಗೆ.
ಮಾರುವುದಕ್ಕಲ್ಲ.
ಶೆಟ್ಟರು ದಿನಾ ಅದಕ್ಕೂ ಊದುಬತ್ತಿ ಬೆಳಗುತ್ತಾರೆ.

ಅದೇ ಬೇಕು ಅನ್ನುತ್ತಾರೆ ಜಿಮ್ಮಿನ ಹುಡುಗರು,
ಪರೀಕ್ಷೆಗೆ ಕೂತವರು, ಮದುವೆ ಗೊತ್ತಾದವರು.
"ಆರು ವರ್ಷ ಮಣ್ಣಲ್ಲಿರಬೇಕಂತೆ ಅದು,
ನಿಮಗೆ ಆರು ವಾರ ಪುರುಸೊತ್ತಿದೆಯಾ?" ಅಂತ
ನಮ್ಮ ಹಿರೇಮದ್ದಿನ ಪುಡಿ ಕಟ್ಟಿಕೊಡುತ್ತೇನೆ:
ರಾತ್ರಿ, ಬಿಸಿಹಾಲಿಗೆ, ಅರ್ಧ ಚಮಚ.
ಬಸುರಿಯರು ಕೇಳಿದರೆ ಇಲ್ಲ ಅನ್ನುತ್ತೇನೆ.
ಥೈರಾಯ್ಡ್ ಮಾತ್ರೆಯವರಿಗೆ, ಡಾಕ್ಟರನ್ನು ಕೇಳಿ ಬನ್ನಿ.
ಶೆಟ್ಟರಿಗೆ ಇದು ಹಿಡಿಸದು.
ಬಂದೂಕಿಗೆ ತುಂಬುವುದೂ ಮದ್ದೇ ಅಲ್ಲವೆ.

ದಸ್ತಗೀರ್ ಸಾಬರು ಬರುವುದು ಮಂಗಳವಾರ.
ಜಟಕಾ ಕುದುರೆಗಳಿಗೆ ಲಾಳ ಹೊಡೆದವರು;
ಈಗ ಆ ಜಾಗದಲ್ಲಿ ಮೆಟ್ರೋ ಮೆಟ್ಟಿಲು.
ಪುಡಿ ಬೇಡ ಅವರಿಗೆ, ಇಡೀ ಬೇರೇ ಆಗಬೇಕು.
ಮುರಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ,
"ಇದು ಕುದುರೆ ಅಲ್ಲಮ್ಮ, ಗೋಣಿಚೀಲ"
ಎಂದು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾರೆ.
ಅಶ್ವಗಂಧ ಅಂದರೆ ಕುದುರೆಯ ವಾಸನೆ ಎಂದು
ಪುಸ್ತಕದಲ್ಲಿ ಓದಿದ್ದೆ.
ಕುದುರೆ ಮೂಸಿದವರನ್ನು ಕಂಡದ್ದು ಇವರೊಬ್ಬರನ್ನೇ.

ನಿದ್ದೆ ಬರುತ್ತಾ ಈಗ? ಕೇಳಿದೆ ಹೋದ ವಾರ.
ಬರುತ್ತೆ.
ಹಾಲಿಗೆ ಹಾಕ್ಕೊಳ್ತೀರೋ, ಜೇನಿಗೋ?
ನಕ್ಕರು; ಮೇಲಿನ ಹಲ್ಲು ಒಂದೂ ಇಲ್ಲ.
"ದಿಂಬಿನ ಕೆಳಗೆ ಇಟ್ಕೋತೀನಿ.
ಏಳು ದಿನ ಇರುತ್ತೆ ವಾಸನೆ, ಆಮೇಲೆ ಬರೀ ಕಡ್ಡಿ.
ಕುದುರೇನ ಯಾರಾದ್ರೂ ತಿಂತಾರಾ?"

ಯಾವ ಗ್ರಂಥದ ಯಾವ ಅಧ್ಯಾಯಕ್ಕೆ ಸೇರಿಸಲಿ ಇದನ್ನು.
ಪ್ರಮಾಣ: ಎರಡು ಬೇರು. ಅನುಪಾನ: ದಿಂಬು.
ಪಥ್ಯ ಕೇಳಲಿಲ್ಲ ನಾನು.
ತಕ್ಕಡಿ ಸಮವಾದ ಮೇಲೂ
ಒಂದು ಬೇರು ಹೆಚ್ಚಿಗೆ ಹಾಕಿದೆ.
ಶೆಟ್ಟರು ನೋಡಿದರು.
ಭರಣಿಯೊಳಗಿನ ಯಜಮಾನ ನೋಡಲಿಲ್ಲ.

ಅವತ್ತು ರಾತ್ರಿ ಬಸ್ಸಿನಲ್ಲಿ, ಸುಮ್ಮನೆ,
ಎರಡೂ ಅಂಗೈ ಮೂಗಿಗೆ ಹಿಡಿದು ಕೂತೆ,
ಟೌನ್‌ಹಾಲ್ ದಾಟುವವರೆಗೂ.
ಪಕ್ಕದವಳು ಎದ್ದು ಕಿಟಕಿ ತೆರೆದಳು.