ಲೈನು

"ಲೈನ್ ಅಂದ್ರ ಎಷ್ಟು, ಮೇಡಂ?" ಅಂದ ಮೌನೇಶ.
ಏನು ಅಂತಲ್ಲ, ಎಷ್ಟು ಅಂತ.
ಹಿಂದಿನ ಬೆಂಚು ಕಿಸಕ್ಕೆಂದಿತು.
ಅವರಿಗೆ ಗೊತ್ತಿದ್ದದ್ದು ಒಂದೇ, ಹೊಡೆಯುವುದು.

ಮಸ್ಕಿಯ ಈ ಶಾಲೆಯಲ್ಲಿ
ದಿನಕ್ಕೆ ಹತ್ತು ಸಲ ನಾನೇ ಅನ್ನುತ್ತೇನೆ:
ಲೈನಿಗೆ ನಿಲ್ಲು, ಲೈನಿನ ಮೇಲೆ ಬರೆ,
ನಾಲ್ಕನೇ ಲೈನಿನಿಂದ ನೀನು ಓದು.

ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.
ಲೈನ್ ಹೋತು. ಲೈನ್ ಬಂತು.
ಹೋದರೆ ಊರೆಲ್ಲ ಅಪ್ಪನನ್ನು ಬೈಯುತ್ತಿತ್ತು,
ಬಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ.
ಲೈನ್‌ಮನ್ ಆದೆಪ್ಪ.
ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು:
"ಎಲ್‌ಸಿ ಕೊಟ್ರೇನ್ರಿ?"
ಎರಡು ಸಲ ಕೇಳುವನು.
ಎರಡನೆಯದು ಅವ್ವನ ಸಲುವಾಗಿ.

ರಾತ್ರಿ ದಪ್ಪ ನಿಘಂಟು ಬಿಚ್ಚಿದೆ.
ಮೂರು ಪುಟ ಬರೀ ಲೈನು.
ಗಾಳದ ದಾರ, ಹಣೆಯ ಗೆರೆ, ದಂಡಿನ ಸಾಲು,
ನಾಟಕದವ ಮರೆತ ಮಾತು, ವಂಶ,
ಕೋಟಿಗೆ ಒಳಗಿನಿಂದ ಬಟ್ಟೆ ಹಚ್ಚುವುದೂ ಅದೇ ಅಂತೆ.
ಹಿಡಿದು ಜಗ್ಗುತ್ತ ಹೋದರೆ
ಬುಡದಲ್ಲಿ ಲ್ಯಾಟಿನ್ನಿನ ಒಂದು ನಾರು, ಲೀನಂ.
ಅಂದರೆ ಅಗಸೆ.

ಅಗಸೆ!
ಎರೆಹೊಲದಲ್ಲಿ ಕಡಲೆಯ ನಡುವೆ ಅಕ್ಕಡಿ ನಿಂತು
ಚಳಿಗೆ ನೀಲಿ ಹೂವಾಗಿ
ಮಧ್ಯಾಹ್ನದೊಳಗೆ ಉದುರಿಬಿಡುವ ಅಗಸೆ.
ಬೀಜ ನಾವು ಬಲ್ಲೆವು, ಎಣ್ಣೆ ಬಲ್ಲೆವು.
ನಾರು ಸುಲಿದು ನೋಡಿದವರು ನಮ್ಮಲ್ಲಿ ಯಾರಿದ್ದರು?

ಅವ್ವ ಹುರಿದ ಅಗಸಿ ಕುಟ್ಟುತ್ತಿದ್ದಳು, ಬೆಳ್ಳುಳ್ಳಿ ಹಾಕಿ.
ಹೇಳಿದೆ. ಕೈ ನಿಲ್ಲಿಸಲಿಲ್ಲ.
"ಹಂಗಾದ್ರ ನಿಮ್ಮಪ್ಪ ಮೂವತ್ತೆರಡು ವರ್ಷ
ಅಗಸಿಗೆ ಜೋತಾಡ್ಯಾನ ಅನ್ನು."
ಹೊರಸಿನ ಮೇಲಿಂದ ಅಪ್ಪ:
"ಯಾವ ಅಗಸಿ? ಊರ ಬಾಗಲಾ?
ಅಲ್ಲೇ ಅಲ್ಲೇನ ನಮ್ಮ ದೊಡ್ಡ ಟಿಸಿ ಇದ್ದದ್ದು."

ಅವನ ಬಲ ಅಂಗೈಯಲ್ಲಿ
ಆಯುಷ್ಯದ ಗೆರೆಯನ್ನು ಅಡ್ಡಗಟ್ಟಿದ ಇನ್ನೊಂದು ಗೆರೆ ಇದೆ,
ಹುಟ್ಟಿನಿಂದ ಬಂದದ್ದಲ್ಲ.
ಕಿಡಿ ನೀಲಿ ಇತ್ತು ಅನ್ನುತ್ತಾನೆ.
ಅವತ್ತು ಒಂದೇ ಸಲ ಕೇಳಿದ್ದ.
ನಿಘಂಟಿನ ಮೂರೂ ಪುಟದಲ್ಲಿ
ಅದನ್ನು ಹುಡುಕಿದೆ.

ನಾಳೆ ಮೌನೇಶನಿಗೆ ಎಷ್ಟು ಅಂತ ಹೇಳಲಿ,
ಬೆರಳು ಮಡಚುತ್ತ ಕೂತಿದ್ದೆ.
ಫ್ಯಾನು ನಿಧಾನವಾಯಿತು, ಅಕ್ಷರ ಕಪ್ಪಾದವು.
"ಲೈನ್ ಹೋತು," ಅಂದೆವು ಮೂವರೂ, ಒಟ್ಟಿಗೆ.

ಕತ್ತಲಲ್ಲಿ ಕುಟ್ಟುವ ಸದ್ದು.
ಬಾಯಲ್ಲಿ ಅಗಸಿಯ ಹುಡಿ.
ರಿಟೈರಾಗಿ ಆರು ವರ್ಷವಾದ ಅಪ್ಪ
ಎದ್ದು, ಕಾಲಿನಿಂದ ತಡವುತ್ತ,
ಚಪ್ಪಲಿ ಹುಡುಕತೊಡಗಿದ.