ಮೂರು ಸಲ

ಒಂಬತ್ತಕ್ಕ ಓಣಿ ಎಲ್ಲಾ ನಮ್ಮನಿಗೆ ಬರ್ತೈತಿ.
ಟೀವಿ ದೊಡ್ಡದಂತ ಅಲ್ಲ,
ನಾ ಕೋರ್ಟಿನಾಕಿ ಅಂತ.

ಲಾಯರ್ ಋತಂಭರಾ. ನಮ್ಮ ಓಣಿ ಬಾಯಾಗ ರುತಂಬ್ರಮ್ಮ.
ಆಕಿ ಕರಿ ಕೋಟು ಗಾಳಿಗೆ ಹಾರ್ತೈತಿ,
ಫ್ಯಾನು ಎಲ್ಲೈತೋ ಕಾಣಂಗಿಲ್ಲ.
ಒಮ್ಮೆ ಟೇಬಲ್ ಗುದ್ದಿದರ ಮೂರು ಸಲ ತೋರಸ್ತಾರ,
ಆಕಿ ಮುಖ, ಜಡ್ಜನ ಮುಖ, ಬೆವತ ಆ ಸಾಹುಕಾರನ ಮುಖ.
"ಹೌದೇನ ಜಂಬಕ್ಕ, ನಿಮ್ಮಲ್ಲೂ ಹಿಂಗ ಏನು?"
ಹತ್ತಿ ಮಿಲ್ಲಿನ ಯಂಕೋಬಮ್ಮ ಕೇಳ್ತಾಳ,
ಕೂದಲಾಗ ಇನ್ನೂ ಎರಡೆಳಿ ಅರಳಿ ಇಟಗೊಂಡು.
ನಾ ಚಾ ಸೋಸ್ತೀನಿ.
ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ.

ನನ್ನ ಕೆಲಸ ಕೂಗೋದು.
ರಾಯಚೂರು ಕೋರ್ಟಿನಾಗ, ಎರಡನೇ ಹಾಲಿನ ಬಾಗಲಾಗ ನಿಂತು
ಒಂದೊಂದು ಹೆಸರು ಮೂರು ಸಲ.
ಮೊದಲು ನನ್ನ ಗಂಡ ಕೂಗ್ತಿದ್ದ. ಸತ್ತ.
ಅನುಕಂಪದ ಮ್ಯಾಲೆ ಅವನ ಗಂಟಲು ನನಗ ಕೊಟ್ರು.
ಆ ವರ್ಷ ನನ್ನ ದನಿ ವರಾಂಡದ ಬೇವಿನಗಿಡದ ತನಕ ಹೋಗ್ತಿದ್ದಿಲ್ಲ.
ಈಗ ಗೇಟಿನಾಚೆ ಜೆರಾಕ್ಸ್ ಅಂಗಡ್ಯಾಗ ನಿಂತಾವ್ರೂ
ತಿರುಗಿ ನೋಡ್ತಾರ.

ಖಾಸಿಂಬಿ ಗಂಡ ಲಾಲಸಾಬ...
ಹತ್ತೊಂಬತ್ತು ತಾರೀಖು ಕೂಗೀನಿ.
ಬಿಟ್ಟು ಹೋದಾವನ ಮ್ಯಾಲೆ ಕೇಸು ಹಾಕಿದಾಕಿನ್ನ
ಅವನ ಹೆಸರು ಹಚ್ಚೇ ಕೂಗಬೇಕು,
ಹಾಳ್ಯಾಗ ಹಂಗ ಬರದೈತಿ.
ಮಾನ್ವಿ ಕಡಿಯಿಂದ ಬರ್ತಾಳ,
ಬುರ್ಖಾದ ತೋಳಿಗೆ ಮೆಣಸಿನಕಾಯಿ ಘಾಟು.
ಅವ ಬಂದ ದಿನ ಅವನ ವಕೀಲ ಇರಂಗಿಲ್ಲ,
ವಕೀಲ ಬಂದ ದಿನ ಅವ ಇರಂಗಿಲ್ಲ,
ಇಬ್ಬರೂ ಬಂದ ದಿನ ಸಾಹೇಬರು ಟ್ರೇನಿಂಗಿಗೆ.

ಆಕಿ ಕಡಿಯವರು ನಾಗವೇಣಿ ಮೇಡಂ, ಸಿರವಾರದವರು.
ಏಳೂವರಿ ಬಸ್ಸಿಗೆ ನಿಂತೇ ಬರ್ತಾರ.
ಕೋಟಿನ ಬೆನ್ನಿಗೆ ಬೆವರುಪ್ಪಿನ ಗೆರಿ, ಒಂದರಾಚೆ ಒಂದು,
ನಕಾಶ್ಯಾಗ ಕೆರಿ ಬತ್ತಿದಂಗ.
ಟೇಬಲ್ ಗುದ್ದಿದ್ದು ನಾ ಕಂಡಿಲ್ಲ.
ಆ ಟೇಬಲ್ಲಿನ ಒಂದು ಕಾಲು ಗಿಡ್ಡ, ಗುದ್ದಿದರ ಫೈಲು ಬೀಳ್ತಾವ.
ಆ ಕಡಿಯವರು ಟೈಮು ಕೇಳಿದಾಗೆಲ್ಲಾ ಎದ್ದು ನಿಲ್ತಾರ,
"ಸ್ವಾಮಿ, ನನ್ನ ಆಕ್ಷೇಪಣೆ ಬರಕೊಳ್ರಿ" ಅಂತಾರ,
ಕುಂದರ್ತಾರ.
ಹತ್ತೊಂಬತ್ತು ಸಲ ಅದೇ ಮಾತು, ಅಷ್ಟೇ ದನಿ.
ಹೋದ ತಿಂಗಳು ಏಳು ತಿಂಗಳ ಹೊಟ್ಟಿ,
ಕುರ್ಚಿ ಹಿಡದು ಎದ್ರು.
ಸಾಹೇಬರು "ಕುಂತೇ ಹೇಳಮ್ಮ" ಅಂದ್ರು.
ಮೇಡಂ ನಿಂತೇ ಹೇಳಿದ್ರು.
ಇದಕ್ಕ ಯಾರು ಮ್ಯೂಜಿಕ್ ಹಾಕಬೇಕು?

ಇವತ್ತು ರುತಂಬ್ರಮ್ಮನ ಕೇಸಿಗೆ ತೀರ್ಪಿತ್ತು.
ಕಟ್ಟಿ ತುಂಬಿ, ಹೊಸ್ತಿಲ ತುಂಬಿ,
ನೀರಿನ ಡ್ರಮ್ಮಿನ ಮ್ಯಾಲೂ ಹುಡುಗರು.
ಜಡ್ಜು ಕನ್ನಡಕ ಹಾಕ್ಕೊಂಡ. ಪೆನ್ನು ತಗದ. ಬಾಯಿ ತಗದ.
ಕರೆಂಟು ಹೋತು.
ನಾಡಿಗೆಲ್ಲಾ ಬೆಳಕು ಕಾಯಿಸೋ ಶಕ್ತಿನಗರ
ಇಲ್ಲಿಂದ ಅರ್ಧ ತಾಸಿನ ದಾರಿ,
ನಮ್ಮ ಓಣ್ಯಾಗ ಮುಖಕ್ಕ ಮುಖ ಕಾಣಂಗಿಲ್ಲ.
"ಜಂಬಕ್ಕ, ನೀನ ಹೇಳಿಬಿಡು, ಏನಾಕ್ಕೈತಿ ತೀರ್ಪು?"

ನನಗ ತೀರ್ಪು ಬರಂಗಿಲ್ಲ. ಕೂಗಾಕ ಬರ್ತೈತಿ.
ಎದ್ದು ಬಾಗಲಾಗ ನಿಂತೆ.

ಖಾಸಿಂಬಿ...
ಗಂಡ ಅನ್ನೋದು ನಾಲಿಗಿ ತುದಿಗೆ ಬಂದಿತ್ತು, ನುಂಗಿದೆ.
ಖಾಸಿಂಬಿ...
ನಗ್ತಿದ್ದ ಹುಡುಗರು ಸುಮ್ಮನಾದ್ರು.
ಖಾಸಿಂಬಿ...

ಕತ್ತಲಾಗ ಯಾರೋ,
ಯಂಕೋಬಮ್ಮನ ದನೀನೋ ಅಲ್ಲೋ,
"ಅದೀನ್ರೀ" ಅಂದ್ರು.
ಸ್ವಲ್ಪ ತಡದು, ಹೊಸ್ತಿಲ ಕಡಿಯಿಂದ ಇನ್ನೊಬ್ಬಾಕಿ,
"ನಾನೂ ಅದೀನ್ರೀ."

ಕರೆಂಟು ಬಂದಾಗ ಟೀವ್ಯಾಗ ಸಬಕಾರದ ಜಾಹೀರಾತು.
ಎಲ್ಲಾರೂ ಚಪ್ಪಲಿ ಹುಡುಕಾಕ ಹತ್ತಿದ್ರು.
"ನಾಳಿ ಹನ್ನೊಂದಕ್ಕ ಮತ್ತ ತೋರಸ್ತಾರ, ನೋಡು" ಅಂದ್ಲು ಯಂಕೋಬಮ್ಮ.

ಹನ್ನೊಂದಕ್ಕ ನಾ ಬಾಗಲಾಗ ಇರ್ತೀನಿ.
ಇಪ್ಪತ್ತನೇದು.
ಉಪ್ಪುನೀರಿಗೆ ಇಟ್ಟೀನಿ, ಮುಕ್ಕಳಿಸಿ ಮಲಗಬೇಕು.